ಪಕ್ಕದ ಮನೆಯ ಸೊಸೆ ಬಸುರಿ

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದ ಸುದ್ದಿಯನ್ನು ಪಕ್ಕದ ಮನೆ ಅಕ್ಕ ನನಗೆ ಹೇಳಿದ್ದು ಎರಡನೇ ತಿಂಗಳಿನಲ್ಲಿ. ಹಾಲು ಹಾಕುವ ಹುಡುಗನಿಗೆ ಅದಕ್ಕೂ ಮೊದಲೇ ಗೊತ್ತಿತ್ತು, ಆ ಮಾತು ಬೇರೆ. ದಾಸವಾಳದ ಬೇಲಿಯ ಸಂದಿಯಲ್ಲಿ ತಲೆ ತೂರಿಸಿ, ಎಡಬಲ ನೋಡಿ, “ನರ್ಸಮ್ಮ, ನಿಮ್ಮ ಕಿವಿಗೆ ಮಾತ್ರ. ಸೊಸೆಗೆ ನೀರು ನಿಂತಿದೆ” ಅಂದರು.

ನಾನು ನರ್ಸಲ್ಲ. ಇಲಾಖೆಯ ಕಾಗದದಲ್ಲಿ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’. ಊರೂರಿನ ಉಪಕೇಂದ್ರಗಳಲ್ಲಿ ಬಸುರಿಯರ ಹೊಟ್ಟೆ ಮುಟ್ಟಿ ನೋಡುತ್ತಾ ತಲೆ ಬೆಳ್ಳಗಾದರೂ ಕಿರಿಯಳಾಗಿಯೇ ನಿವೃತ್ತಿಯಾದವಳು. ತಿಪಟೂರಿನಲ್ಲಿ ಮನೆ ಕಟ್ಟಿಕೊಂಡ ಮೇಲೆ ಈ ಬೇಲಿಯೇ ನನ್ನ ಉಪಕೇಂದ್ರ.

“ಸಂತೋಷ ಅಕ್ಕ. ಆಶಾ ಹುಡುಗಿಗೆ ಹೇಳಿದ್ರಾ?”

“ಅಯ್ಯೋ, ಅವಳಿಗೆ ಹೇಳಿದ್ರೆ ಬೀದಿಗೇ ಹೇಳಿದಂಗೆ. ಮೂರು ತುಂಬಲಿ. ಕಣ್ಣು ಬೀಳತ್ತೆ.”

ಕಣ್ಣಿನ ವಿಷಯದಲ್ಲಿ ನಾನು ವಾದಕ್ಕೆ ಹೋಗುವುದಿಲ್ಲ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಲಿ, ಯಾರಿಗೂ ನಷ್ಟವಿಲ್ಲ. ಆದರೆ 12 ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಬೇಕು ಅನ್ನುವ ಸರ್ಕಾರದ ಕ್ರಮಕ್ಕೂ ನಮ್ಮ ಮೂರು ತಿಂಗಳ ಮುಚ್ಚುಮರೆಗೂ ಜಾತಕ ಕೂಡುವುದಿಲ್ಲ. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ. ಸೊಸೆ ಕ್ಯಾಲೆಂಡರ್ ನೋಡಿ, ಗಂಡನಿಗೆ ಹೇಳಿ, ಅವನು ಮೆಡಿಕಲ್ ಶಾಪಿನಲ್ಲಿ ಹೆಂಗಸರೆಲ್ಲ ಹೋಗುವ ತನಕ ಕಾದು ನಿಂತು ಆ ಕಿಟ್ ತಂದು, ಎರಡು ಗೆರೆ ಕಾಣುವ ಹೊತ್ತಿಗೆ ಆ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಫೋಲಿಕ್ ಆಸಿಡ್ ಮಾತ್ರೆಯನ್ನು ಮಗು ಬೇಕು ಅಂದುಕೊಂಡ ದಿನದಿಂದಲೇ ತಗೊಳ್ಳಿ ಅನ್ನುವುದು ಅದಕ್ಕೇ. ಮೂರು ತುಂಬಿದ ಮೇಲೆ ಹೇಳಿದರೆ, ಮಾತ್ರೆ ಕೊಡಬಹುದು. ಆ ನಾಳಕ್ಕೆ ಅದರಿಂದ ಉಪಯೋಗವಿಲ್ಲ.

ಅಕ್ಕ ಒಪ್ಪಿದರು. ಮಾರನೇ ದಿನ ಆಶಾ ಬಂದಳು, ಸಂಜೆಗೆ ಬೀದಿಗೆಲ್ಲ ಗೊತ್ತಾಯಿತು. ಅಕ್ಕ ಹೇಳಿದ್ದರಲ್ಲೂ ಸತ್ಯವಿತ್ತು.

ಆಮೇಲಿನ ತಕರಾರು ಲೆಕ್ಕದ್ದು. “ಡಾಕ್ಟರು ಎಂಟು ವಾರ ಅಂತಾರೆ. ನನ್ನ ಲೆಕ್ಕದಲ್ಲಿ ಆರು. ದೊಡ್ಡ ಓದು ಓದಿದೋರಿಗೆ ಕೂಡೋದು ಕಳೆಯೋದು ಬರಲ್ವಾ?”

ಈ ಎರಡು ವಾರ ಎಷ್ಟು ಮನೆಯಲ್ಲಿ ಕಸಿವಿಸಿ ತಂದಿದೆಯೋ! ನಾನು ಕೆಲಸ ಮಾಡಿದ ಹಳ್ಳಿಯೊಂದರಲ್ಲಿ ಮಿಲಿಟರಿಯಲ್ಲಿದ್ದ ಹುಡುಗ ರಜಕ್ಕೆ ಬಂದು ಹೋಗಿದ್ದ. ಹೆಂಡತಿಯ ಕಾರ್ಡಿನಲ್ಲಿ ನಾನು ಹತ್ತು ವಾರ ಅಂತ ಬರೆದೆ. ಅತ್ತೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದರೆ ಎಂಟೇ. ಮಗ ರೈಲಿನಿಂದ ಇಳಿಯುವ ಮೊದಲಿನ ಎರಡು ವಾರ ಯಾರ ಲೆಕ್ಕಕ್ಕೆ? ಮನೆಯಲ್ಲಿ ಮಾತೇ ನಿಂತುಹೋಯಿತು. ಹುಡುಗಿ ಅಳುತ್ತಾ ಬಂದಳು. ನಾನು ಅವರ ಜಗುಲಿಯ ಮೇಲೆ ಕೂತು ಬಿಡಿಸಿ ಹೇಳಬೇಕಾಯಿತು: ಗರ್ಭ ಯಾವ ದಿನ ಕಟ್ಟಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ, ಕೊನೆಯ ಸಲ ಮುಟ್ಟಾದ ದಿನ ಹೆಂಗಸಿಗೆ ನೆನಪಿರುತ್ತದೆ, ಆದ್ದರಿಂದ ಎಣಿಕೆ ಅಲ್ಲಿಂದ. ಹುಟ್ಟುವ ಮೊದಲೇ ಮಗುವಿಗೆ ಎರಡು ವಾರ ಪುಕ್ಕಟೆ ಜಮಾ. ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿದರೆ ಹೆರಿಗೆಯ ತಾರೀಖು, ಒಟ್ಟು 280 ದಿನ. ನೇಗೆಲೆ ಅನ್ನುವ ಜರ್ಮನ್ ಡಾಕ್ಟರ ಹೆಸರಿನಲ್ಲಿ ಇನ್ನೂರು ವರ್ಷದಿಂದ ನಡೆದುಬಂದಿರುವ ಸೂತ್ರ ಇದು. ಆ ತಾರೀಖಿಗೇ ಸರಿಯಾಗಿ ಹುಟ್ಟುವವರು ನೂರಕ್ಕೆ ನಾಲ್ಕೋ ಐದೋ. ಈಗ ಮೊದಲ ಸ್ಕ್ಯಾನಿನಲ್ಲಿ ಮಗುವಿನ ಉದ್ದ ಅಳೆದು ತಾರೀಖು ಸರಿಮಾಡುತ್ತಾರೆ. ಆಗ ನನಗೆ ಅತ್ತೆಯ ಕ್ಯಾಲೆಂಡರೇ ಗತಿ.

ಮೊದಲ ರಕ್ತಪರೀಕ್ಷೆಯ ಚೀಟಿ ಬಂದ ದಿನ ಅಕ್ಕನ ಮುಖ ಕೆಂಪಾಗಿತ್ತು. “ಎಚ್‌ಐವಿ ಟೆಸ್ಟ್ ಅಂತೆ ನರ್ಸಮ್ಮ! ನಮ್ಮನೆ ಸೊಸೆಗೆ!”

“ಎಮ್ಮೆಲ್ಲೆ ಮನೆ ಸೊಸೆಗೂ ಮಾಡ್ತಾರೆ ಅಕ್ಕ.”

ಎಲ್ಲರಿಗೂ ಮಾಡುವುದರಿಂದಲೇ ಯಾರಿಗೂ ಅವಮಾನವಿಲ್ಲ. ಔಷಧಿ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ದಾಟಬಹುದಾದ ಎಚ್‌ಐವಿ, ತಾಯಿ ಹೊತ್ತಿಗೆ ಸರಿಯಾಗಿ ಔಷಧಿ ತಗೊಂಡರೆ 5ಕ್ಕಿಂತ ಕೆಳಗೆ ಇಳಿಯುತ್ತದೆ. ಅದೇ ಚೀಟಿಯಲ್ಲಿದ್ದ ಸಿಫಿಲಿಸ್‌ಗೆ ಪೆನಿಸಿಲಿನ್ ಸಾಕು. ಹೆಪಟೈಟಿಸ್ ಬಿ ಇದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಲೇಬೇಕು ಅಂತ ಮೊದಲೇ ಎಚ್ಚರವಿರಬಹುದು. ರಕ್ತದ ಗುಂಪಂತೂ ಸರಿಯೇ: ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಮುಂದಿನ ಬಸಿರಿಗೆ ತೊಂದರೆ. 28ನೇ ವಾರದಲ್ಲೊಂದು, ಹೆರಿಗೆಯಾದ 72 ಗಂಟೆಯೊಳಗೊಂದು ಆಂಟಿ-ಡಿ ಚುಚ್ಚುಮದ್ದು ಕೊಟ್ಟರೆ ಅದು ತಪ್ಪುತ್ತದೆ. ಅಕ್ಕನಿಗೆ ಇದರಲ್ಲಿ ಹಿಡಿಸಿದ್ದು ಒಂದೇ: “ಗಂಡನ ರಕ್ತಾನೂ ನೋಡ್ತಾರಾ? ನೋಡಲಿ, ಅವನಿಗೂ ಒಂದು ಸೂಜಿ ಚುಚ್ಚಲಿ.”

ರಕ್ತಹೀನತೆಯ ವಿಷಯ ಬಂದರೆ ಮಾತ್ರ ನಾನು ಬೇಲಿ ಬಿಟ್ಟು ಕದಲುವುದಿಲ್ಲ. ನಮ್ಮ ಕಾಲದಲ್ಲಿ ಸಾಲಿ ಹೀಮೋಗ್ಲೋಬಿನೋಮೀಟರ್ ಅಂತ ಒಂದು ಪೆಟ್ಟಿಗೆ ಇತ್ತು. ಗಾಜಿನ ಸಣ್ಣ ಕೊಳವೆಗೆ 20ರ ಗೆರೆಯವರೆಗೆ ತಿಳಿ ಹೈಡ್ರೋಕ್ಲೋರಿಕ್ ಆಸಿಡ್, ಅದಕ್ಕೆ ಬೆರಳ ತುದಿಯ ರಕ್ತ. ಹತ್ತು ನಿಮಿಷ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಹನಿಹನಿಯಾಗಿ ಬಿಡುತ್ತಾ, ಕಲಕುತ್ತಾ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ಬೆಳಕಿಗೆ ಹಿಡಿದು ನೋಡಬೇಕು. ಮೋಡ ಕವಿದ ದಿನ ಒಂದು ಅಂಕಿ, ಬಿಸಿಲಿನ ದಿನ ಇನ್ನೊಂದು. ಈಗ ಒಂದು ಹನಿ ಹಾಕಿದರೆ ಯಂತ್ರವೇ ಅಂಕಿ ಹೇಳುತ್ತದೆ. ಯಂತ್ರ ಬದಲಾಯಿತು, ಅಂಕಿ ಬದಲಾಗಲಿಲ್ಲ: ಬಸುರಿಗೆ 11 ಗ್ರಾಂ ಇರಬೇಕು, ದೇಶದ ಬಸುರಿಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಇಲ್ಲ. 7ಕ್ಕಿಂತ ಕೆಳಗಿದ್ದು ಹೆರಿಗೆಗೆ ಬಂದವಳ ಪಕ್ಕ ನಿಂತವರಿಗೆ ಗೊತ್ತು ಆ ಭಯ. ಬೇರೆಯವಳು ತಡೆದುಕೊಳ್ಳುವಷ್ಟು ರಕ್ತ ಹೋದರೂ ಇವಳು ತಡೆಯುವುದಿಲ್ಲ.

ಇದಕ್ಕೆ ಮದ್ದು ಕಬ್ಬಿಣದ ಆ ಕೆಂಪು ಮಾತ್ರೆ. ದಿನಕ್ಕೊಂದು, 180 ದಿನ, ಪುಕ್ಕಟೆ. ಪುಕ್ಕಟೆಯಾದ್ದರಿಂದಲೇ ಅದಕ್ಕೆ ಮರ್ಯಾದೆ ಇಲ್ಲ. ಎಷ್ಟು ಮನೆಗಳ ಹಿತ್ತಲಲ್ಲಿ, ಬಚ್ಚಲ ಕಿಂಡಿಯ ಕೆಳಗೆ ನಾನು ಕೆಂಪು ಮಾತ್ರೆ ಕಂಡಿದ್ದೇನೋ! ಮಗು ಕಪ್ಪಾಗತ್ತೆ ಅನ್ನುವುದು ಒಂದು ಕಾರಣ. ಕಪ್ಪಾಗುವುದು ಮಲ, ಮಗುವಲ್ಲ. ಹೊಟ್ಟೆ ತೊಳಸುತ್ತದೆ ಅನ್ನುವುದು ಇನ್ನೊಂದು. ಅದು ನಿಜ, ರಾತ್ರಿ ಮಲಗುವ ಮೊದಲು ತಗೊಂಡರೆ ಕಡಿಮೆ. ನುಂಗುವವರೂ ಕಾಫಿ ಜೊತೆ ನುಂಗುತ್ತಾರೆ. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಿಂಬೆ ಪಾನಕವಾದರೆ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗಬಾರದು, ಎರಡಕ್ಕೂ ಬೇರೆ ಬೇರೆ ಹೊತ್ತು. ಅಕ್ಕನ ಸೊಸೆಗೆ 9.4 ಬಂದಿತ್ತು. ಅವಳಿಗೆ ಮಾತ್ರೆ ಕೊಟ್ಟರೆ ಸಾಲದು, ಎದುರು ನಿಂತು ನುಂಗಿಸಬೇಕು ಅಂತ ನಾನು ಅಕ್ಕನಿಗೆ ಹೇಳಿದೆ. ಆ ಕೆಲಸ ಅಕ್ಕನಿಗೆ ಬಹಳ ಹಿಡಿಸಿತು.

ಹದಿಮೂರನೇ ವಾರದ ಹೊತ್ತಿಗೆ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಡಬಲ್ ಮಾರ್ಕರ್ ಅನ್ನುವ ರಿಪೋರ್ಟ್ ಬಂದಿತ್ತು, ಅದರ ಮೇಲೆ ಕೆಂಪಕ್ಷರದಲ್ಲಿ ‘1:180’. ಹೈ ರಿಸ್ಕ್ ಅಂತ ಬರೆದದ್ದು ಓದಿ ಸೊಸೆ ಕೋಣೆ ಸೇರಿದ್ದಳು, ಮಗ ಮೊಬೈಲಿನಲ್ಲಿ ಹುಡುಕಿ ಇನ್ನಷ್ಟು ಕೆಡಿಸಿಟ್ಟಿದ್ದ, ಅಕ್ಕ ಕುಕ್ಕೆಗೆ ಹರಕೆ ಹೊತ್ತು ಮುಗಿಸಿದ್ದರು.

“ಅಕ್ಕ, ಇದೇ ಅಂಕಿ ಬಂದ 180 ಬಸುರಿಯರನ್ನ ಸಾಲಾಗಿ ಕೂರಿಸಿ. 179 ಜನರ ಮಗುವಿಗೆ ಆ ತೊಂದರೆ ಇರಲ್ಲ. ಒಬ್ಬಳ ಮಗುವಿಗೆ ಇರಬಹುದು.”

“ಹಂಗಾದ್ರೆ ಇಲ್ಲ ಅಂತ ಬರೆಯೋಕೇನು ರೋಗ ಅವರಿಗೆ?”

ಬರೆಯಲಾಗುವುದಿಲ್ಲ, ಯಾಕೆಂದರೆ ಆ ಪರೀಕ್ಷೆ ನೋಡುವುದು ಮಗುವನ್ನಲ್ಲ. 11ರಿಂದ 14ನೇ ವಾರದೊಳಗೆ ತಾಯಿಯ ರಕ್ತದಲ್ಲಿ ಎರಡು ವಸ್ತುಗಳ ಪ್ರಮಾಣ, ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ದಪ್ಪ, ತಾಯಿಯ ವಯಸ್ಸು, ಇಷ್ಟನ್ನೂ ಕೂಡಿಸಿ ಡೌನ್ ಸಿಂಡ್ರೋಮ್‌ನ ಸಂಭವ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. 250ಕ್ಕೆ ಒಂದಕ್ಕಿಂತ ಹೆಚ್ಚಾದರೆ ಕೆಂಪು ಶಾಯಿ. ನೂರರಲ್ಲಿ ಸುಮಾರು ಐದು ಜನ ಹೀಗೆ ಸುಮ್ಮನೆ ಸಿಕ್ಕಿಬೀಳುತ್ತಾರೆ. ಇದು ಜರಡಿ ಹಿಡಿಯುವ ಪರೀಕ್ಷೆ, ತೀರ್ಮಾನ ಹೇಳುವ ಪರೀಕ್ಷೆ ಬೇರೆ. ಎನ್‌ಐಪಿಟಿ ಅಂತ ಹತ್ತನೇ ವಾರದಿಂದಲೇ ಮಾಡಬಹುದಾದ ರಕ್ತಪರೀಕ್ಷೆ ಇದೆ, ದುಬಾರಿ. ಹೆಚ್ಚು ಖಚಿತ ನಿಜ, ಆದರೆ ಅದೂ ಜರಡಿಯೇ. ತೀರ್ಮಾನ ಬೇಕಾದರೆ ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆದು ನೋಡಬೇಕು, 15 ವಾರ ದಾಟಿದ ಮೇಲೆ. ಅದರಲ್ಲಿ ಗರ್ಭ ಇಳಿಯುವ ಸಣ್ಣ ಅಪಾಯವೂ ಉಂಟು. ಇದನ್ನೆಲ್ಲ ಪರೀಕ್ಷೆಗೆ ಮೊದಲು ಐದು ನಿಮಿಷ ಕೂರಿಸಿ ಹೇಳಿದ್ದರೆ ಆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ರಕ್ತ ತೆಗೆಯಲು ಇರುವ ಪುರುಸೊತ್ತು ಮಾತಿಗೆ ಇರುವುದಿಲ್ಲ ಅನ್ನುವುದು ನನ್ನ ಹಳೆಯ ದೂರು.

ಮುಂದಿನ ಪರೀಕ್ಷೆ ಬೇಕೋ ಬೇಡವೋ ಅನ್ನುವುದನ್ನು ನಾನಾಗಲಿ ಅಕ್ಕನಾಗಲಿ ಹೇಳುವ ಹಾಗಿಲ್ಲ, ಹೊತ್ತವಳು ಹೇಳಬೇಕು ಅಂದೆ. ಅಕ್ಕನಿಗೆ ಅದು ಅಷ್ಟು ರುಚಿಸಲಿಲ್ಲ. ಸೊಸೆ ಎನ್‌ಐಪಿಟಿ ಮಾಡಿಸಿಕೊಂಡಳು, ಚಿಂತೆಗೆ ಕಾರಣವಿಲ್ಲ ಅಂತ ಬಂತು. ಕುಕ್ಕೆಯ ಹರಕೆ ಮಾತ್ರ ಬಾಕಿ ನಿಂತಿತು.

ಆಮೇಲೆ ದೊಡ್ಡ ಸ್ಕ್ಯಾನು. 18ರಿಂದ 20 ವಾರದ ಹೊತ್ತಿಗೆ ಮಾಡುವ ಅನಾಮಲಿ ಸ್ಕ್ಯಾನ್. ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆ, ಕಿಡ್ನಿ, ತುಟಿ ಎಲ್ಲ ನೋಡುವಷ್ಟು ದೊಡ್ಡದಾಗಿರುತ್ತದೆ ಮಗು. ಈ ಯಂತ್ರದ ಮೂಲ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕಬ್ಬಿಣದೊಳಗಿನ ಬಿರುಕು ಹುಡುಕಲು ಕಾರ್ಖಾನೆಯವರು ಬಳಸುತ್ತಿದ್ದ ಶಬ್ದದ ಅಲೆಯನ್ನು ಇಯಾನ್ ಡೊನಾಲ್ಡ್ ಅನ್ನುವ ಹೆರಿಗೆ ಡಾಕ್ಟರು ಹೆಂಗಸರ ಹೊಟ್ಟೆಗೆ ಹಿಡಿದು ನೋಡಿ 1958ರಲ್ಲಿ ವರದಿ ಬರೆದರು. ಎಕ್ಸ್‌ರೇ ಅಲ್ಲ, ಬರೀ ಸದ್ದು ಅಂದಾಗ ಅಕ್ಕನಿಗೆ ನಿರಾಳ. ಆಮೇಲೆ ದನಿ ತಗ್ಗಿಸಿದರು.

“ನರ್ಸಮ್ಮ, ಅಷ್ಟೆಲ್ಲ ಕಾಣತ್ತೆ ಅಂದ್ರೆ, ಅದೂ ಕಾಣತ್ತಲ್ವಾ?”

“ಕಾಣತ್ತೆ. ಹೇಳೋ ಹಾಗಿಲ್ಲ. ಕೇಳೋ ಹಾಗೂ ಇಲ್ಲ.”

“ನಾನು ಸುಮ್ನೆ, ಬಟ್ಟೆ ಹೊಲಿಸೋಕೆ ಕೇಳ್ದೆ ಕಣ್ರೀ.”

ಎಲ್ಲರೂ ಬಟ್ಟೆ ಹೊಲಿಸುವುದಕ್ಕೇ ಕೇಳುವುದು. 1994ರ ಕಾನೂನಿನಲ್ಲಿ ಹೇಳಿದ ಡಾಕ್ಟರಿಗೂ ಜೈಲು, ಕೇಳಿದ ಮನೆಯವರಿಗೂ ಮೂರು ವರ್ಷದವರೆಗೆ ಜೈಲು. ಹಾಗಿದ್ದೂ 2023ರ ಕೊನೆಯಲ್ಲಿ, ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಗಂಡು ಹೇಳುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗದಲ್ಲಿ! ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಕಾರ್ಡು, ಮಾತ್ರೆ, ಲಸಿಕೆ ಅಂತ ನಾವು ಮನೆ ಮನೆ ತಿರುಗಿ ಬಸುರಿಯರನ್ನು ಹೊರಗೆ ಕರೆತಂದದ್ದು ಅಲ್ಲಿಗೆ ಹೋಗಲಿ ಅಂತಲ್ಲ. ಅಕ್ಕನಿಗೆ ಇದನ್ನು ನಗುನಗುತ್ತಾ ಹೇಳಲಿಲ್ಲ. ಅವರು ಆವತ್ತು ಕರಿಬೇವು ಕೇಳುವುದನ್ನೂ ಮರೆತು ಒಳಗೆ ಹೋದರು.

ಎರಡು ದಿನದ ಮೇಲೆ ಮತ್ತೆ ಬೇಲಿಗೆ ಬಂದದ್ದು ಸಕ್ಕರೆಯ ದೂರು ಹೊತ್ತು. “ಸಕ್ಕರೆ ಇದೆಯಾ ಅಂತ ನೋಡೋಕೆ ಸಕ್ಕರೇನೇ ಕುಡಿಸ್ತಾರಂತಲ್ಲ. ಇದ್ಯಾವ ನ್ಯಾಯ?” 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿಗೆ ಕಲಸಿ, ಐದು ಹತ್ತು ನಿಮಿಷದಲ್ಲಿ ಕುಡಿದು, ಎರಡು ಗಂಟೆ ಕೂತು ರಕ್ತ ಕೊಡಬೇಕು. 140 ಮುಟ್ಟಿದರೆ ಬಸುರಿನ ಸಕ್ಕರೆ ಕಾಯಿಲೆ. ನಮ್ಮ ದೇಶದ ಈ ಕ್ರಮದಲ್ಲಿ ಉಪವಾಸ ಬರಬೇಕಾಗಿಲ್ಲ, ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವವಳಿಗೆ ಅದೇ ದೊಡ್ಡ ಉಪಕಾರ. ಕಷ್ಟ ಏನೆಂದರೆ, ಮೊದಲೇ ವಾಕರಿಕೆ ಇರುವವರು ಅರ್ಧಗಂಟೆಯೊಳಗೆ ಎಲ್ಲ ಕಕ್ಕಿಬಿಡುತ್ತಾರೆ, ಮಾರನೇ ದಿನ ಮತ್ತೆ ಮೊದಲಿಂದ. ಮೊದಲ ಭೇಟಿಯಲ್ಲಿ ಸರಿಯಿತ್ತು ಅಂತ ಬಿಡುವ ಹಾಗಿಲ್ಲ. 24ರಿಂದ 28 ವಾರದೊಳಗೆ ಇನ್ನೊಮ್ಮೆ ಮಾಡಬೇಕು, ಸಕ್ಕರೆ ಏರುವ ಕಾಲ ಅದು. ಅಷ್ಟು ಹೊತ್ತಿಗೆ ಸರಿಯಾಗಿ ಅಕ್ಕ ಬಯಕೆ ಅಂತ ಹೋಳಿಗೆ, ಚಿರೋಟಿ ತಿನ್ನಿಸುತ್ತಿದ್ದರು. ಇಬ್ಬರ ಊಟ ಉಣ್ಣಬೇಕು ಅನ್ನುತ್ತಾರಲ್ಲ, ಒಳಗಿರುವ ಎರಡನೆಯವನ ತೂಕ ಆಗ ಒಂದು ಕೇಜಿಯೂ ಇರುವುದಿಲ್ಲ.

ಸೀಮಂತದ ಮಾತು ಶುರುವಾದಾಗ ನನಗೆ ನೆನಪಾಗುವುದೇ ಬೇರೆ. ಇಲ್ಲೇ ತೆಂಗಿನ ತೋಟದ ನಡುವಿನ ಊರಿನಲ್ಲಿ ನಾನು ಸೀಮಂತದ ಊಟಕ್ಕೆ ಹೋಗಿದ್ದೆ. ಹಸಿರು ಬಳೆ, ಹೂವಿನ ಜಡೆ, ಎಲ್ಲರೂ ಹುಡುಗಿಯ ಮುಖಕ್ಕೆ ಏನು ಕಳೆ ಬಂದಿದೆ ಅನ್ನುತ್ತಿದ್ದರು. ಒಳಗೆ ಇಬ್ಬರು ಹೆಂಗಸರು ಅವಳ ಬೆರಳಿಗೆ ಸೋಪು ಹಚ್ಚಿ ಉಂಗುರ ಎಳೆಯುತ್ತಿದ್ದರು. ಹಳೆಯ ಉಂಗುರ ತೆಗೆದು ಹೊಸದು ಹಾಕಬೇಕಿತ್ತಂತೆ, ಬರುತ್ತಿರಲಿಲ್ಲ. ರೆಪ್ಪೆಯೂ ಊದಿತ್ತು. ಕಳೆಯಲ್ಲ ಅದು, ನೀರು. ತಲೆನೋವಿದೆಯಾ ಕೇಳಿದೆ, ಬೆಳಗಿನಿಂದ ಇದೆ, ಹೂವಿನ ಭಾರ ಇರಬೇಕು ಅಂದಳು. ಉಪಕೇಂದ್ರ ಎದುರಿಗೇ ಇತ್ತು. ಬಿಪಿ ಪಟ್ಟಿ ಕಟ್ಟಿದರೆ 160/110. ಮೂತ್ರವನ್ನು ಟೆಸ್ಟ್ ಟ್ಯೂಬಿಗೆ ಮುಕ್ಕಾಲು ತುಂಬಿ, ಓರೆಯಾಗಿ ಹಿಡಿದು, ಸ್ಪಿರಿಟ್ ದೀಪದ ಮೇಲೆ ಮೇಲ್ಭಾಗ ಮಾತ್ರ ಕಾಯಿಸಿದೆ. ಬೆಳ್ಳಗೆ ಕದಡಿತು. ಒಂದೆರಡು ಹನಿ ಅಸೆಟಿಕ್ ಆಸಿಡ್ ಬಿಟ್ಟರೆ ಕೆಲವೊಮ್ಮೆ ಅದು ತಿಳಿಯಾಗುತ್ತದೆ, ಆಗ ಹೆದರಬೇಕಿಲ್ಲ. ಇಲ್ಲಿ ಹಾಲು ಒಡೆದ ಹಾಗೆ ಇನ್ನೂ ಗಟ್ಟಿಯಾಯಿತು. ಆಲ್ಬುಮಿನ್.

ಆರತಿ ಮುಗಿಸಿಕೊಂಡು ಹೋಗಲಿ ಅಂದರು ಅತ್ತೆ. ಕೊಬ್ಬರಿ ಮಂಡಿಯ ವ್ಯಾಪಾರಿ ಮಾವ ಮಾತ್ರ ನನ್ನ ಮುಖ ನೋಡಿ ಜೀಪು ತೆಗೆದರು. ತುಮಕೂರಿನ ಜಿಲ್ಲಾಸ್ಪತ್ರೆ ಮುಟ್ಟುವ ತನಕ ಗಂಡ ಒಂದೇ ಮಾತು ಹೇಳುತ್ತಿದ್ದ: “ಸ್ಕ್ಯಾನಿಂಗ್‌ನಲ್ಲಿ ಎಲ್ಲ ಚೆನ್ನಾಗಿದೆ ಅಂದಿದ್ರಲ್ಲ.” ಚೆನ್ನಾಗಿಯೇ ಇತ್ತು, ಮಗು. ಕೆಡುತ್ತಿದ್ದದ್ದು ತಾಯಿ. ಫಿಟ್ಸ್ ಬರುವ ಮೊದಲೇ ಅಲ್ಲಿ ಚುಚ್ಚುಮದ್ದು ಕೊಟ್ಟರು, ಮಗುವನ್ನು ತಿಂಗಳಿಗೆ ಮೊದಲೇ ತೆಗೆಯಬೇಕಾಯಿತು. ಇಬ್ಬರೂ ಉಳಿದರು.

ಅಕ್ಕನಿಗೆ ಈ ಕಥೆ ಹೇಳಿದ್ದು ಹೆದರಿಸುವುದಕ್ಕಲ್ಲ. ಬೇಲಿಯ ಮೇಲೆ ಅವರ ಬಾಯಲ್ಲಿ ಈ ತಿಂಗಳುಗಳಲ್ಲಿ ಬಂದದ್ದೆಲ್ಲ ಸ್ಕ್ಯಾನು, ಮಾರ್ಕರು, ಸಾವಿರಗಟ್ಟಲೆ ಬಿಲ್ಲು. ತೂಕ, ಬಿಪಿ, ಮೂತ್ರ, ಈ ಮೂರರ ಮಾತೇ ಇಲ್ಲ. ಹೊಟ್ಟೆಯೊಳಗಿನದನ್ನು ನೋಡುವ ಆತುರದಲ್ಲಿ ಹೊಟ್ಟೆ ಹೊತ್ತವಳನ್ನು ನೋಡುವುದು ಬಿಟ್ಟುಹೋಗುತ್ತದೆ. ಮಗುವಿನ ಚಿತ್ರ ಮೊಬೈಲಿನಲ್ಲಿ ಕಳಿಸಬಹುದು, 110/70 ಅಂತ ಬಂದ ಬಿಪಿಯನ್ನು ಯಾರಿಗೆ ಕಳಿಸುವುದು? ಏರುವ ಬಿಪಿಗೆ ಮೊದಮೊದಲು ನೋವೂ ಇಲ್ಲ, ಗುರುತೂ ಇಲ್ಲ; ಪ್ರತಿ ಸಲ ಪಟ್ಟಿ ಕಟ್ಟಿದರೆ ಮಾತ್ರ ಸಿಗುತ್ತದೆ. 140/90 ಅಂದರೆ ಎಚ್ಚರ. ಬಸುರಿಗೆ ಕನಿಷ್ಠ ನಾಲ್ಕು ಸಲ ತಪಾಸಣೆ ಅನ್ನುವುದು ನಮ್ಮಲ್ಲಿ ರೂಢಿ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಎಂಟು ಅನ್ನುತ್ತಿದೆ. ಆ ಹೆಚ್ಚಿನ ಭೇಟಿಗಳು ಬಹುಪಾಲು ಕೊನೆಯ ಮೂರು ತಿಂಗಳಿಗೆ ಬೀಳುತ್ತವೆ, ಅಂದರೆ ನಮ್ಮಲ್ಲಿ ಸೀಮಂತ, ತವರು, ಪ್ರಯಾಣ ಅಂತ ತಪ್ಪಿಹೋಗುವ ಕಾಲಕ್ಕೇ. ದುಡ್ಡಿನ ನೆಪವೂ ಬೇಡ, ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಬಸುರಿಯರನ್ನು ಪುಕ್ಕಟೆ ನೋಡುವ ದಿನವಿದೆ.

ಸೀಮಂತ ಚೆನ್ನಾಗಿ ಆಯಿತು. ಬೀಗಿತ್ತಿ ಮಗಳನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋಗಲು ಕಾರು ಮಾಡಿಕೊಂಡು ಬಂದಿದ್ದರು. ಚಕ್ಕುಲಿ ಡಬ್ಬ, ಸೀರೆಯ ಕಟ್ಟು, ಸ್ಕ್ಯಾನಿಂಗ್ ಚಿತ್ರಗಳ ದಪ್ಪ ಕವರು, ಎಲ್ಲ ಡಿಕ್ಕಿ ಸೇರಿದವು. ನಾನು ಬೇಲಿಯ ಈಚೆಯಿಂದಲೇ ಕೇಳಿದೆ, “ತಾಯಿ ಕಾರ್ಡ್ ಎಲ್ಲಿ ಅಕ್ಕ?”

“ಭದ್ರವಾಗಿದೆ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೀನಿ.”

“ನೀವೇನು ಹೆರ್ತೀರಾ?”

ಅಕ್ಕ ಓಡಿದರು. ಕಾರ್ಡು ಬಂದು ಬೀಗಿತ್ತಿಯ ಕೈ ಸೇರಿತು. ಆಯಮ್ಮ ಕನ್ನಡಕ ಏರಿಸಿ, ಕಾರಿನ ಬಾಗಿಲು ಹಿಡಿದು ನಿಂತೇ ಒಂದೊಂದು ಕಾಲಂ ಓದಿದರು.

“ಅಲ್ಲಾ, ಹೋದ ತಿಂಗಳದ್ದು ಬಿಪಿ ಖಾಲಿ ಬಿಟ್ಟಿದೆಯಲ್ಲ?”

“ಆವತ್ತು ಸೀಮಂತದ ಸೀರೆ ತರೋಕೆ ಹೋಗಿದ್ವಿ ಬೀಗ್ರೇ.”

ಬೀಗಿತ್ತಿ ಉತ್ತರ ಕೊಡಲಿಲ್ಲ. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಡ್ರೈವರ್‌ಗೆ ಹೇಳಿದರು: “ಮೊದಲು ಇಲ್ಲಿ ಸರ್ಕಾರಿ ಆಸ್ಪತ್ರೆ ಹತ್ರ ನಿಲ್ಲಿಸಪ್ಪ. ಅಲ್ಲಿ ಕೆಲಸ ಮುಗಿದ ಮೇಲೆ ಹೊಸದುರ್ಗ.”